ಹೊಂದಿದ ಸಾಲು, ಹೊಂದದ ಸಾಲು

ವಾರಭವಿಷ್ಯದ ಸಾಲೊಂದು ತಮಗಾಗಿಯೇ ಬರೆದಂತಿದೆ ಎನ್ನಿಸಿದೊಡನೆ ಅದರ ಹಿಂದಿನ ಶಾಸ್ತ್ರವೂ ನಿಜವೆಂದು ನಂಬಿಬಿಡುವುದು ವಿದ್ಯಾವಂತರನ್ನೂ ಬಿಡದ ತಪ್ಪು. ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ನಡೆಸಿ, ಪ್ರತಿಯೊಬ್ಬರಿಗೂ ಅವರವರದೇ ಎಂಬಂತೆ ಗುಣವಿವರಣೆಯೊಂದನ್ನು ಕೊಟ್ಟು, ಅದು ಎಷ್ಟು ಸರಿಯಾಗಿದೆ ಎಂದು ಕೇಳಿದಾಗ ಬಂದ ಸರಾಸರಿ ಅಂಕ 5ಕ್ಕೆ 4ಕ್ಕಿಂತಲೂ ಹೆಚ್ಚು. ಆದರೆ ಎಲ್ಲರ ಕೈಯಲ್ಲಿದ್ದದ್ದೂ ಒಂದೇ ಬರಹ, ಅದರ ಬಹುಪಾಲು ವಾಕ್ಯಗಳು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದವು. ಹೊರಗೆ ಶಿಸ್ತು, ಒಳಗೆ ಆತಂಕ ಎಂಬ ಮಾತು ಯಾರಿಗೆ ತಾನೇ ಹೊಂದುವುದಿಲ್ಲ?

ಹೊಂದದ ಸಾಲುಗಳು ನೆನಪಿನಲ್ಲಿ ಉಳಿಯದಿರುವುದಕ್ಕೂ ಕಾರಣವಿದೆ: ನಂಬಿಕೆಗೆ ಒಪ್ಪುವುದನ್ನು ಮಾತ್ರ ಎಣಿಸಿ ಒಪ್ಪದ್ದನ್ನು ಮರೆಯುವ ಒಲವನ್ನು ಮನೋವಿಜ್ಞಾನವು ದೃಢೀಕರಣ ಪಕ್ಷಪಾತ ಎನ್ನುತ್ತದೆ. ಇದು ದಡ್ಡತನವಲ್ಲ, ಮನಸ್ಸು ಕೆಲಸ ಮಾಡುವ ರೀತಿಯೇ ಹಾಗೆ, ಆದ್ದರಿಂದಲೇ ಎಚ್ಚರ ಬೇಕು. ಓದುಗರು ರಾಶಿಗಳ ಹೆಸರನ್ನು ಮುಚ್ಚಿ ಹನ್ನೆರಡೂ ಭವಿಷ್ಯಗಳನ್ನು ಓದಿ, ತಮ್ಮದು ಯಾವುದೆಂದು ಗುರುತಿಸಲು ಯತ್ನಿಸಲಿ. ನುಡಿದದ್ದನ್ನು ದಿನಾಂಕದೊಂದಿಗೆ ಮೊದಲೇ ಬರೆದಿಟ್ಟು, ಫಲಿಸಿದ್ದರ ಪಕ್ಕದಲ್ಲೇ ಫಲಿಸದ್ದನ್ನೂ ಗುರುತು ಹಾಕಲಿ. ಏನು ನಡೆದರೆ ಈ ಮಾತು ಸುಳ್ಳೆಂದು ಒಪ್ಪುತ್ತೀರಿ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಹೇಳಿಕೆಯನ್ನು, ಅದು ಎಷ್ಟೇ ಹಿತವಾಗಿರಲಿ, ಮದುವೆಗಾಗಲಿ ಶಸ್ತ್ರಚಿಕಿತ್ಸೆಗಾಗಲಿ ಆಧಾರವಾಗಿಸಬಾರದು. ವೈದ್ಯರು ತಡಮಾಡಬೇಡಿ ಎಂದಾಗ ಒಳ್ಳೆಯ ಗಳಿಗೆಗಾಗಿ ಕಾಯುವವರಿಗೆ ಮನೆಯವರು ಇದನ್ನು ಹೇಳಲೇಬೇಕು, ಆದರೆ ಗೇಲಿ ಮಾಡದೆ. ಅವಮಾನಗೊಂಡವರು ತಮ್ಮ ನಂಬಿಕೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬಹುದು.