ಕಂದು ರೋಗ: ನಮ್ಮ ಮೈಯೊಳಗೆ ಅಡಗುವ ರೋಗಾಣು



"ಎಮ್ಮೆ ಕಂದು ಹಾಕಿದರೆ ಮನೆಯವರಿಗೆ ಜ್ವರ ಯಾಕೆ ಬರಬೇಕು? ಬಂದ ಜ್ವರ ಬಿಟ್ಟು ಬಿಟ್ಟು ಯಾಕೆ ಕಾಡಬೇಕು?" ಪಾಪಿನಾಯಕನಹಳ್ಳಿ ಕಡೆಯ ಅಕ್ಕಂದಿರು ಕೇಳುವ ಈ ಪ್ರಶ್ನೆಗೆ ಇಲ್ಲಿ ಉತ್ತರವಿದೆ.

ಕಂದು ರೋಗಕ್ಕೆ ಕಾರಣ ಬ್ರುಸೆಲ್ಲಾ ಎಂಬ ರೋಗಾಣು. ಹಸುವಿನಲ್ಲಿ ಕಂದು ಹಾಕಿಸುವ ರೋಗಾಣು ಮತ್ತು ಮನುಷ್ಯರಿಗೆ ಜ್ವರ ತರುವ ರೋಗಾಣು ಹತ್ತಿರದ ಸಂಬಂಧಿಗಳೆಂದು 1918ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಆಲಿಸ್ ಇವಾನ್ಸ್ ಎಂಬ ಮಹಿಳೆ. ಹಸಿ ಹಾಲು ಅಪಾಯಕಾರಿ ಎಂದು ಅವರು ಎಚ್ಚರಿಸಿದಾಗ ಬಹಳ ಜನ ನಂಬಲಿಲ್ಲ.

ರೋಗಾಣುವಿನೊಳಗೆ ಜೀನ್‌ಗಳಿರುತ್ತವೆ. ಯಾವ ಕೆಲಸ ಹೇಗೆ ಮಾಡಬೇಕೆಂಬ ಸೂಚನೆಗಳು ಅವು. ಹೋಳಿಗೆ ಮಾಡುವುದು ನಮಗೆ ಸದಾ ಗೊತ್ತಿದ್ದರೂ ಹಬ್ಬ ಬಂದಾಗಲೇ ಮಾಡುತ್ತೇವಲ್ಲ, ಹಾಗೆಯೇ ಜೀನ್‌ಗಳೂ ಸಮಯ ನೋಡಿ ಕೆಲಸಕ್ಕಿಳಿಯುತ್ತವೆ. ಕೆಲಸಕ್ಕಿಳಿದ ಜೀನ್ ಆರ್‌ಎನ್‌ಎ ಎಂಬ ನಕಲು ತೆಗೆಯುತ್ತದೆ. ಆ ನಕಲುಗಳನ್ನು ಅಳೆದು, ಮೈಯೊಳಗೆ ಹೊಕ್ಕ ರೋಗಾಣು ಏನು ಮಾಡುತ್ತಿದೆ ಎಂದು ವಿಜ್ಞಾನಿಗಳು ತಿಳಿಯುತ್ತಾರೆ.

ಬ್ರುಸೆಲ್ಲಾದಲ್ಲಿ ಕಂಡದ್ದು ಇದು. ನಮ್ಮ ಕಾವಲು ಕಣಗಳು ರೋಗಾಣುವನ್ನು ನುಂಗಿ ಒಂದು ಚೀಲದಲ್ಲಿಟ್ಟು, ಅದನ್ನು ಕೊಲ್ಲಲು ಚೀಲವನ್ನು ಹುಳಿ ಮಾಡುತ್ತವೆ. ಆದರೆ ಆ ಹುಳಿಯೇ ರೋಗಾಣುವಿಗೆ ಎಚ್ಚರಿಕೆಯ ಗಂಟೆ. ಕೂಡಲೇ ವಿರ್‌-ಬಿ ಎಂಬ ಜೀನ್‌ಗಳು ಕೆಲಸ ಶುರುಮಾಡಿ ಸೂಜಿಯಂಥ ನಳಿಕೆ ಕಟ್ಟುತ್ತವೆ. ಅದರ ಮೂಲಕ ಕಣದೊಳಕ್ಕೆ ಪ್ರೋಟೀನ್‌ಗಳನ್ನು ಬಿಟ್ಟು, ರೋಗಾಣು ಸಾಯದೆ ಅಲ್ಲೇ ಮನೆ ಮಾಡಿ ಹೆಚ್ಚುತ್ತದೆ.

ಆದ್ದರಿಂದಲೇ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಕೀಲು ನೋವು ಹೋಗಿ ಮತ್ತೆ ಬರುತ್ತವೆ. ಕಣದೊಳಗೆ ಅಡಗಿದ್ದನ್ನು ಹೊಡೆಯಲು ಸಾಮಾನ್ಯವಾಗಿ ಎರಡು ಔಷಧಿಗಳನ್ನು ಕನಿಷ್ಠ 6 ವಾರ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುತ್ತದೆ.

ನೀವು ಮಾಡಬೇಕಾದದ್ದು:

1. ಕಂದು ಹಾಕಿದಾಗ ಕರು, ಕಸ (ಮಾಸು), ಲೋಳೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ, ಮೂಗು-ಬಾಯಿ ಮುಚ್ಚಿಕೊಳ್ಳಿ. ಸುಣ್ಣ ಹಾಕಿ ಆಳವಾಗಿ ಹೂಳಿ. ನಾಯಿಗೆ ಸಿಗಬಾರದು. ಗರ್ಭಿಣಿಯರು ಹತ್ತಿರ ಹೋಗಲೇಬಾರದು.
2. ಹಾಲನ್ನು ಕಾಯಿಸಿಯೇ ಕುಡಿಯಿರಿ.
3. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕಿಸಿ. ಜೀವಮಾನಕ್ಕೆ ಒಂದೇ ಸಲ ಸಾಕು. ಸರ್ಕಾರದ ಕಾರ್ಯಕ್ರಮದಲ್ಲಿ ಇದು ಉಚಿತ.
4. ಕಂದು ಹಾಕಿದ ರಾಸಿನ ರಕ್ತ ಪರೀಕ್ಷೆ ಮಾಡಿಸಿ. ಫಲಿತಾಂಶ ತಿಳಿಯುವವರೆಗೆ ಅದನ್ನು ಬೇರೆ ಕಟ್ಟಿ.
5. ಜ್ವರ ಬಿಟ್ಟು ಬಿಟ್ಟು ಬಂದರೆ ಆಸ್ಪತ್ರೆಯಲ್ಲಿ "ನಮ್ಮ ಮನೆಯಲ್ಲಿ ದನ ಇವೆ, ಕಂದು ಹಾಕಿತ್ತು" ಎಂದು ನೀವೇ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂದು ವೈದ್ಯರಿಗೆ ಆಗ ಹೊಳೆಯುತ್ತದೆ.

ಒಳಹೊಕ್ಕ ಮೇಲೆ ಓಡಿಸುವುದು ಕಷ್ಟ. ಕೊಟ್ಟಿಗೆಯಲ್ಲೇ ತಡೆಯುವುದು ಸುಲಭ. ನಿಮ್ಮ ಹಟ್ಟಿಯ ಹೆಣ್ಣು ಕರುವಿಗೆ ಎಷ್ಟು ತಿಂಗಳಾಯಿತೆಂದು ಇಂದೇ ಲೆಕ್ಕ ಹಾಕಿ.