ಸಾಲಿನಲ್ಲಿ ಯಾವುದು ಮೊದಲು? ರ‍್ಯಾಂಕಿಂಗ್ ಕೆಲಸಕ್ಕೆ ಸೇರಿದ ತಂಗಿ ಮಗಳಿಗೆ ಕಿವಿಮಾತು

ಪುಟ್ಟಿ,

ಆನ್‌ಲೈನ್ ಅಂಗಡಿಯೊಂದರ ರ‍್ಯಾಂಕಿಂಗ್ ತಂಡಕ್ಕೆ ಸೇರಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಸಂತೋಷವಾಯಿತು. ಹುಡುಕಿದವರ ಮುಂದೆ ಯಾವ ಸಾಮಾನು ಮೊದಲು ಬರಬೇಕು, ಯಾವುದು ಐವತ್ತನೆಯದಾಗಬೇಕು ಅಂತ ತೀರ್ಮಾನಿಸುವಾಗ ಕೊಳ್ಳುವವರ ದುಡ್ಡೂ ಮಾರುವವರ ಅನ್ನವೂ ನಿನ್ನ ಕೈಯಲ್ಲಿರುತ್ತವೆ. ಇದೇ ಕೆಲಸದಲ್ಲಿ ಕೂದಲು ಬೆಳ್ಳಗಾದ ನಿನ್ನ ದೊಡ್ಡಮ್ಮನ ಈ ಮಾತುಗಳನ್ನು ಮನಸ್ಸಿನಲ್ಲಿಟ್ಟುಕೋ.

• ಸರಳವಾದದ್ದರಿಂದ ಶುರುಮಾಡು. ಅಮೆಜಾನ್ 1998ರಲ್ಲಿ ತಂದ ಪದ್ಧತಿ ಇವತ್ತಿಗೂ ಪಾಠ. ನಿನ್ನಂಥ ಇನ್ನೊಬ್ಬ ಗಿರಾಕಿಯನ್ನು ಹುಡುಕುತ್ತಾ ಕೂರದೆ, ಯಾವ ಸಾಮಾನಿನ ಜೊತೆ ಯಾವುದು ಖರೀದಿಯಾಗುತ್ತದೆ ಎಂಬ ಪಟ್ಟಿಯನ್ನು ಅವರು ಮೊದಲೇ ಸಿದ್ಧಮಾಡಿಟ್ಟರು. ಗಿರಾಕಿಗಳು ಎಷ್ಟೇ ಹೆಚ್ಚಿದರೂ ಉತ್ತರ ತಡವಾಗಲಿಲ್ಲ. ನೋಡುಗರ ರುಚಿಯನ್ನು ಊಹಿಸುವುದಕ್ಕೆಂದು ನೆಟ್‌ಫ್ಲಿಕ್ಸ್ 2009ರಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಕೊಟ್ಟ ಮಾಡೆಲ್ಲನ್ನು ಮಾತ್ರ ಪೂರ್ತಿಯಾಗಿ ಬಳಕೆಗೆ ತರಲೇ ಇಲ್ಲ. ಸಿಗುವ ಲಾಭಕ್ಕಿಂತ ಶ್ರಮವೇ ಹೆಚ್ಚು ಅನ್ನಿಸಿತು. ಮೊದಲು ಹೆಚ್ಚು ಮಾರಾಟವಾಗುವ ಕ್ರಮದಲ್ಲೇ ಜೋಡಿಸಿ ನೋಡು. ಅದನ್ನು ಮೀರಿಸದ ಮಾಡೆಲ್ಲಿಗೆ ಕೆಲಸ ಕೊಡಬೇಡ.

• ಕ್ಲಿಕ್ಕನ್ನು ಕಣ್ಣುಮುಚ್ಚಿ ನಂಬಬೇಡ. ಜನ ಮೇಲಿರುವುದನ್ನು ಒತ್ತುತ್ತಾರೆ, ಮೇಲಿದೆ ಅನ್ನುವ ಕಾರಣಕ್ಕೇ. ಕಾರ್ನೆಲ್ ವಿಶ್ವವಿದ್ಯಾಲಯದ ಥಾರ್ಸ್ಟನ್ ಯೋವಾಕಿಮ್ಸ್ ಮತ್ತು ಸಂಗಡಿಗರು ಗೂಗಲ್‌ನಲ್ಲಿ ಹುಡುಕುವವರ ಕಣ್ಣಿನ ಚಲನೆಯನ್ನು ಗಮನಿಸಿ 2005ರಲ್ಲಿ ಇದನ್ನು ತೋರಿಸಿಕೊಟ್ಟರು. ಮೊದಲ ಎರಡು ಫಲಿತಾಂಶಗಳನ್ನು ಅದಲುಬದಲು ಮಾಡಿದರೂ ಮೇಲಿನದಕ್ಕೇ ಹೆಚ್ಚು ಕ್ಲಿಕ್ ಬಿತ್ತು. ಒಂದು ಲೆಕ್ಕ ಹಾಕು. ಮೊದಲ ಜಾಗದ ಕುಕ್ಕರನ್ನು 100 ಜನ ನೋಡಿ 10 ಜನ ಒತ್ತಿದರು. ಹತ್ತನೇ ಜಾಗದ್ದನ್ನು ನೋಡಿದವರೇ 20 ಜನ, ಒತ್ತಿದವರು 4. ಬರೀ ಕ್ಲಿಕ್ ಎಣಿಸಿದರೆ ಮೊದಲನೆಯದು ಗೆದ್ದಿತು. ನೋಡಿದವರ ಲೆಕ್ಕ ಹಿಡಿದರೆ ಅದಕ್ಕೆ ನೂರಕ್ಕೆ 10, ಹತ್ತನೆಯದಕ್ಕೆ ನೂರಕ್ಕೆ 20. ಯಾವ ಜಾಗವನ್ನು ಎಷ್ಟು ಜನ ನೋಡುತ್ತಾರೆಂದು ತಿಳಿಯಲು, ಕೆಲವೇ ಗಿರಾಕಿಗಳಿಗೆ ಆಗಾಗ ಜಾಗ ಬದಲಿಸಿ ತೋರಿಸು. ಈ ತಿದ್ದುಪಡಿ ಮಾಡದಿದ್ದರೆ ಮಾಡೆಲ್ ತಾನು ನಿನ್ನೆ ತೋರಿಸಿದ್ದನ್ನೇ ಇವತ್ತೂ ಒಳ್ಳೆಯದು ಅನ್ನುತ್ತದೆ.

• ಒಂದು ಫೋನಿಗೆ ಒಬ್ಬರೇ ಯಜಮಾನರು ಅಂದುಕೊಳ್ಳಬೇಡ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇಡೀ ಸಂಸಾರಕ್ಕೆ ಒಂದೇ ಖಾತೆ. ಬೆಳಿಗ್ಗೆ ಮಗಳು ಕಾಡಿಗೆ ಹುಡುಕುತ್ತಾಳೆ, ಮಧ್ಯಾಹ್ನ ಅಮ್ಮ ಇಡ್ಲಿ ತಟ್ಟೆ ನೋಡುತ್ತಾರೆ, ರಾತ್ರಿ ತಮ್ಮನಿಗೆ ಕ್ರಿಕೆಟ್ ಬ್ಯಾಟ್ ಬೇಕು. ಮೂವರನ್ನೂ ಕಲಸಿ ಇಲ್ಲದ ನಾಲ್ಕನೆಯವರೊಬ್ಬರನ್ನು ಸೃಷ್ಟಿಸಬೇಡ. ಚಿಕ್ಕಪೇಟೆಯ ಸೀರೆ ಅಂಗಡಿಯ ಅನುಭವಸ್ಥರು ಹೋದ ವರ್ಷದ ಖರೀದಿ ನೆನಪಿದ್ದರೂ, ಇವತ್ತು ಏನು ಕೇಳಿದಿರಿ ಅಂತ ನೋಡಿಯೇ ಮುಂದಿನ ಸೀರೆ ಬಿಡಿಸುತ್ತಾರೆ. ಹಾಗೇ ಈ ಗಳಿಗೆಯ ಹುಡುಕಾಟಕ್ಕೆ ಹೆಚ್ಚು ತೂಕ ಕೊಡು, ಹಳೆಯ ಇತಿಹಾಸಕ್ಕೆ ಕಡಿಮೆ.

• ಜನರ ಮಾತು ಕಲಿ. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಲ್ಲಿ ಕನ್ನಡಕ್ಕೆ ಬಂದವು. ಆದರೂ ತೊಗರಿಬೇಳೆ ಬೇಕಾದವರು ಕೆಲವರು ಕನ್ನಡದಲ್ಲಿ ಬರೆಯುತ್ತಾರೆ, ಕೆಲವರು ಇಂಗ್ಲಿಷ್ ಅಕ್ಷರಗಳಲ್ಲಿ ತೋಚಿದ ಹಾಗೆ ಕುಟ್ಟುತ್ತಾರೆ, ಕೆಲವರು ತೂರ್ ದಾಲ್ ಅನ್ನುತ್ತಾರೆ. ಕೇಳಿದ್ದೇನು ಅಂತಲೇ ಅರ್ಥವಾಗದಿದ್ದರೆ, ಅವರವರ ರುಚಿಗೆ ತಕ್ಕಂತೆ ಜೋಡಿಸಿ ಏನು ಪ್ರಯೋಜನ?

• ಹೊಸಬರಿಗೆ ಜಾಗ ಬಿಡು. ಇಳಕಲ್ಲಿನ ನೇಕಾರರೊಬ್ಬರು ಇವತ್ತು ಮೊದಲ ಸೀರೆ ಮಾರಾಟಕ್ಕಿಟ್ಟರು ಅಂದುಕೋ. ಒಂದು ಕ್ಲಿಕ್ ಇಲ್ಲ, ಒಂದು ವಿಮರ್ಶೆ ಇಲ್ಲ. ಕ್ಲಿಕ್ ಇಲ್ಲವೆಂದು ಮಾಡೆಲ್ ಕೆಳಗೆ ತಳ್ಳುತ್ತದೆ. ಕೆಳಗಿದ್ದದ್ದಕ್ಕೆ ಕ್ಲಿಕ್ ಎಲ್ಲಿಂದ ಬರಬೇಕು? ಮೇಲಿನ ಸಾಲಿನಲ್ಲಿ ಒಂದೆರಡು ಜಾಗ ಇಂಥವರಿಗೆ ಮೀಸಲಿಡು. ಸಂಶೋಧಕ ವಿಲಿಯಂ ಥಾಂಪ್ಸನ್ 1933ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದಾರೆ: ಯಾವುದರ ಬಗ್ಗೆ ನಮಗೆ ಖಚಿತವಿಲ್ಲವೋ ಅದಕ್ಕೂ ಅವಕಾಶ ಕೊಡುತ್ತಾ, ಸಾಕಷ್ಟು ತಿಳಿದ ಮೇಲೆ ಪ್ರಯೋಗವನ್ನು ತಾನಾಗಿ ಕಡಿಮೆ ಮಾಡುತ್ತಾ ಹೋಗುವ ದಾರಿ. ಸೀರೆಯ ಬಣ್ಣ, ಅಂಚು, ಬೆಲೆ, ಫೋಟೊ ಇವುಗಳಿಂದಲೂ ಮಾಡೆಲ್ಲಿಗೆ ಮೊದಲ ಅಂದಾಜು ಸಿಗುವ ಹಾಗೆ ಮಾಡು.

• ಉಳಿಸಿಕೊಂಡದ್ದನ್ನು ಎಣಿಸು. ಆರ್ಡರ್ ಬಿದ್ದ ಕೂಡಲೇ ಗೆದ್ದೆವು ಅನ್ನಬೇಡ. ಅಳತೆ ಸರಿಯಿಲ್ಲದ ಕುರ್ತಾ ವಾಪಸ್ ಬರುತ್ತದೆ. ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ಲನ್ನು ಬಾಗಿಲಲ್ಲೇ ಬೇಡ ಅನ್ನುತ್ತಾರೆ. ವಾಪಸಾತಿ ಗಡುವು ಮುಗಿಯುವವರೆಗೆ ಕಾದು, ಆಮೇಲೆ ಅದನ್ನು ಒಳ್ಳೆಯ ಮಾರಾಟವೆಂದು ಮಾಡೆಲ್ಲಿಗೆ ಕಲಿಸು.

• ಅವಸರದಲ್ಲಿ ಫಲಿತಾಂಶ ಘೋಷಿಸಬೇಡ. ಹಳೆಯ ಡೇಟಾದ ಮೇಲೆ ಅಂಕ ಏರಿದರೆ ಅದು ಪರೀಕ್ಷೆಗೆ ಕೂರುವ ಅರ್ಹತೆ ಅಷ್ಟೇ. ನಿಜವಾದ ಪರೀಕ್ಷೆ ಎ/ಬಿ ಟೆಸ್ಟ್: ಕೆಲವು ಗಿರಾಕಿಗಳಿಗೆ ಹಳೆಯ ಕ್ರಮ, ಕೆಲವರಿಗೆ ಹೊಸದು ತೋರಿಸಿ ಹೋಲಿಸುವುದು. ಸಂಬಳದ ವಾರದ ಖರೀದಿಯೇ ಬೇರೆ, ತಿಂಗಳ ಕೊನೆಯದೇ ಬೇರೆ, ದೀಪಾವಳಿ ಸೇಲ್ ಇನ್ನೂ ಬೇರೆ. ಇಡೀ ವಾರಗಳ ಲೆಕ್ಕದಲ್ಲಿ ನಡೆಸು, ಎಷ್ಟು ವಾರ ಅಂತ ಮೊದಲೇ ಬರೆದಿಡು.

• ಕಾನೂನನ್ನು ನೀನೇ ಓದು. ವಕೀಲರಿಗೆ ಬಿಟ್ಟು ಸುಮ್ಮನಾಗಬೇಡ. ಸಾಮಾನುಗಳ ಕ್ರಮವನ್ನು ಯಾವ ಮುಖ್ಯ ಅಂಶಗಳು ನಿರ್ಧರಿಸುತ್ತವೆಂದು ಸರಳ ಭಾಷೆಯಲ್ಲಿ ಎಲ್ಲರಿಗೂ ತಿಳಿಸಬೇಕೆಂದು ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಜಾಹೀರಾತನ್ನು ಮಾಮೂಲಿ ಫಲಿತಾಂಶದ ವೇಷದಲ್ಲಿ ತೋರಿಸುವುದನ್ನು ಡಾರ್ಕ್ ಪ್ಯಾಟರ್ನ್, ಅಂದರೆ ಗಿರಾಕಿಗಳನ್ನು ದಾರಿತಪ್ಪಿಸುವ ವಿನ್ಯಾಸಗಳ ಕುರಿತ 2023ರ ಮಾರ್ಗಸೂಚಿ ತಡೆಯುತ್ತದೆ. ಅದೇ ವರ್ಷದ ಡೇಟಾ ಸಂರಕ್ಷಣಾ ಕಾಯ್ದೆ, 18 ತುಂಬದ ಮಕ್ಕಳ ಜಾಡು ಹಿಡಿಯುವುದಕ್ಕೂ ಅವರನ್ನು ಗುರಿಮಾಡಿ ಜಾಹೀರಾತು ತೋರಿಸುವುದಕ್ಕೂ ಕಡಿವಾಣ ಹಾಕಿದೆ.

• ವಾರಕ್ಕೊಮ್ಮೆ ನೀನೇ ಗಿರಾಕಿಯಾಗು. ಕಡಿಮೆ ಬೆಲೆಯ ಫೋನಿನಲ್ಲಿ, ಕನ್ನಡದಲ್ಲಿ, ನಿಮ್ಮಮ್ಮನಿಗೆ ಬೇಕಾದ ಒಂದು ಸಾಮಾನು ಹುಡುಕು. ಬಂದ ಮೊದಲ ಹತ್ತರಲ್ಲಿ ಪ್ರತಿಯೊಂದಕ್ಕೂ ಇದು ಇಲ್ಲಿ ಯಾಕಿದೆ ಅಂತ ಕೇಳಿಕೋ. ಯಾವುದಕ್ಕೆ ನಿನ್ನಲ್ಲಿ ಉತ್ತರವಿಲ್ಲವೋ, ಮರುದಿನ ಆಫೀಸಿನಲ್ಲಿ ಮೊದಲು ಅದನ್ನೇ ಬಿಚ್ಚಿ ನೋಡು.