ಮೂರು ಆಯಾಮದ ನಗರ ಮಾದರಿಯಲ್ಲಿ ನೋಟದ ಲೆಕ್ಕಾಚಾರ

ಮಳಿಗೆಯ ನಾಮಫಲಕವಾಗಲಿ, ಜಾಹೀರಾತು ಫಲಕವಾಗಲಿ ಗ್ರಾಹಕರ ಕಣ್ಣಿಗೆ ಬೀಳದಿದ್ದರೆ ಅದಕ್ಕೆ ತೊಡಗಿಸಿದ ಬಂಡವಾಳ ವ್ಯರ್ಥ. ಫಲಕ ಎಲ್ಲೆಲ್ಲಿಂದ ಕಾಣುತ್ತದೆಂಬುದನ್ನು ನಗರದ ಗಣಕ ಮಾದರಿಯಲ್ಲಿ ಮುಂಚಿತವಾಗಿಯೇ ಅರಿಯುವುದು ಈಗ ಸಾಧ್ಯವಿದೆ.

ನೋಟಕ್ಕೂ ಆದಾಯಕ್ಕೂ ಇರುವ ನಂಟಿಗೆ ಲಂಡನ್ ನಗರ ಉತ್ತಮ ನಿದರ್ಶನ. ಅಲ್ಲಿ ಸೇಂಟ್ ಪಾಲ್ಸ್ ಕೆಥೀಡ್ರಲ್ ಮರೆಯಾಗದಂತೆ ಸುತ್ತಲಿನ ಕಟ್ಟಡಗಳ ಎತ್ತರವನ್ನು 1930ರ ದಶಕದಿಂದಲೂ ನಿಯಂತ್ರಿಸಲಾಗುತ್ತಿದೆ. 2014ರಲ್ಲಿ ಪೂರ್ಣಗೊಂಡ 225 ಮೀಟರ್ ಎತ್ತರದ ಲೆಡನ್‌ಹಾಲ್ ಕಟ್ಟಡದ ಒಂದು ಪಾರ್ಶ್ವವನ್ನು, ಫ್ಲೀಟ್ ಸ್ಟ್ರೀಟ್‌ನಿಂದ ಕಾಣುವ ಕೆಥೀಡ್ರಲ್‌ನ ನೋಟ ಕೆಡದಿರಲೆಂದು ಓರೆಯಾಗಿ ಕಟ್ಟಲಾಯಿತು. ಇದರಿಂದ ಮೇಲಿನ ಮಹಡಿಗಳ ವಿಸ್ತೀರ್ಣ ಕುಗ್ಗಿತು. ಬಾಡಿಗೆಗೆ ಕೊಡಬಹುದಾದ ಸ್ಥಳವೂ ಕುಗ್ಗಿತು.

ಲೆಕ್ಕದ ಹೊರೆ

ಇದರ ತತ್ತ್ವ ಸರಳವಾದುದು. ನೋಡುವವನ ಕಣ್ಣಿನಿಂದ ಫಲಕಕ್ಕೆ ನೇರ ಗೆರೆ ಎಳೆದು, ನಡುವೆ ಕಟ್ಟಡ ಅಡ್ಡ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಆದರೆ ನಗರದ 1 ಲಕ್ಷ ಸ್ಥಳಗಳಿಂದ ಫಲಕದ 10 ಬಿಂದುಗಳಿಗೆ ಗೆರೆ ಎಳೆದರೆ 10 ಲಕ್ಷ ಗೆರೆಗಳಾಗುತ್ತವೆ. ಪ್ರತಿ ಗೆರೆಯನ್ನೂ 50,000 ಕಟ್ಟಡಗಳೊಡನೆ ತಾಳೆ ನೋಡಲು 5,000 ಕೋಟಿ ಪರೀಕ್ಷೆಗಳು ಬೇಕು.

ಉಳಿತಾಯದ ಮಾರ್ಗಗಳು

1. ಕಟ್ಟಡಗಳನ್ನು ಬಡಾವಣೆವಾರು ಕಾಲ್ಪನಿಕ ಪೆಟ್ಟಿಗೆಗಳಲ್ಲಿ ಸೇರಿಸಲಾಗುತ್ತದೆ. ಗೆರೆಯು ಪೆಟ್ಟಿಗೆಯನ್ನು ತಾಗದಿದ್ದರೆ ಅದರೊಳಗಿನ ಕಟ್ಟಡಗಳ ಪರೀಕ್ಷೆಯೇ ಅನಗತ್ಯ. ಸೂಚಿ ನೋಡಿ ಲೆಡ್ಜರಿನ ಪುಟ ತೆರೆಯುವ ಕ್ರಮವೇ ಇದು.

2. ಮೊದಲ ಅಡ್ಡಿ ಸಿಕ್ಕೊಡನೆ ಆ ಗೆರೆಯ ಪರೀಕ್ಷೆ ನಿಲ್ಲುತ್ತದೆ.

3. ಮೊದಲು ದೂರ ದೂರದ ಸ್ಥಳಗಳನ್ನು ಪರೀಕ್ಷಿಸಿ, ಕಾಣುವ ಮತ್ತು ಕಾಣದ ಪ್ರದೇಶಗಳ ಗಡಿಯಲ್ಲಿ ಮಾತ್ರ ಸೂಕ್ಷ್ಮವಾಗಿ ಅಳೆಯಲಾಗುತ್ತದೆ.

4. ಗೆರೆ ಎರಡು ದಿಕ್ಕಿಗೂ ಒಂದೇ ಆದುದರಿಂದ ಫಲಕದ ಕಡೆಯಿಂದಲೇ ನೋಡಿದರೂ ಸಾಕು. ಗ್ರಾಫಿಕ್ಸ್ ಕಾರ್ಡ್ ಒಂದೇ ಚಿತ್ರದಲ್ಲಿ ಸಾವಿರಾರು ಗೆರೆಗಳನ್ನು ನಿರ್ಧರಿಸುತ್ತದೆ.

ಎಚ್ಚರಿಕೆ

ವೇಗವೊಂದೇ ಸಾಲದು. ನೋಡುವವನಿಂದ 50 ಮೀಟರ್ ದೂರದ ಕಟ್ಟಡದ ಎತ್ತರ ಮಾದರಿಯಲ್ಲಿ 1 ಮೀಟರ್ ತಪ್ಪಿದ್ದರೆ, 200 ಮೀಟರ್ ದೂರದ ಫಲಕದ ಬಳಿ ಆ ತಪ್ಪು 4 ಮೀಟರ್ ಆಗುತ್ತದೆ. ಇಡೀ ಫಲಕ ಮರೆಯಾಗಲು ಇಷ್ಟು ಸಾಕು. ಮರಗಳನ್ನು ಬಿಟ್ಟ ಮಾದರಿಯೂ ಇದೇ ರೀತಿ ಮೋಸಗೊಳಿಸುತ್ತದೆ.

ಆದ್ದರಿಂದ ಫಲಕಕ್ಕೆ ಸ್ಥಳ ಗುತ್ತಿಗೆ ಪಡೆಯುವ ಉದ್ದಿಮೆದಾರರು ವರದಿಯೊಡನೆ ಮೂರು ವಿವರ ಕೇಳಿ ಪಡೆಯುವುದು ಲೇಸು: ಮಾದರಿ ಯಾವ ವರ್ಷದ್ದು, ಎತ್ತರದ ನಿಖರತೆ ಎಷ್ಟು, ಮರಗಳನ್ನು ಪರಿಗಣಿಸಲಾಗಿದೆಯೇ. ಎದುರಿನ ಖಾಲಿ ನಿವೇಶನದಲ್ಲಿ ಅನುಮತಿಯಿರುವಷ್ಟು ಎತ್ತರದ ಕಟ್ಟಡವನ್ನು ಮಾದರಿಯಲ್ಲಿ ನಿಲ್ಲಿಸಿ ಮತ್ತೊಮ್ಮೆ ಪರೀಕ್ಷಿಸಿದರೆ, ಗುತ್ತಿಗೆಯ ಅವಧಿಯಲ್ಲಿ ಎದುರಾಗಬಹುದಾದ ನಷ್ಟವೂ ಮೊದಲೇ ತಿಳಿಯುತ್ತದೆ.